ಅಂಧ ವಾದಕ ಥಾಮಸ್ ವಿಗಿನ್ಸನ ಜೀವನ ವೃತ್ತಾಂತ

ಪ್ರಿಯ ಪೂರ್ವವಿದ್ಯಾರ್ಥಿನಿಯರಿಗೂ ನಮ್ಮ ಮಕ್ಕಳ ತಾಯಿತಂದೆಗಳಿಗೂ ಸ್ಮರಣಸಂಚಿಕೆಯಲ್ಲಿ ಒಂದು ಜೀವನಚರಿತ್ರೆಯನ್ನು ಒಪ್ಪಿಸುವದು ಈ ಶಾಲೆಯ ವಾಡಿಕೆಯಾಗಿರುವದಷ್ಟೆ. ಅರಸರ, ದಂಡನಾಯಕರ, ಪಂಡಿತರ ಚರಿತ್ರೆಗಳು ಪಾಠಪುಸ್ತಕಗಳಲ್ಲಿಯೇ ದೊರೆಯುತ್ತಿರುವದರಿಂದ, ಈ ಸಲ ನಾವು ಅಕ್ಷರವನ್ನೇ ಅರಿಯದೆ, ಹುಟ್ಟುಕುರುಡನಾಗಿ, ಪರರ ಸೊತ್ತಾಗಿ ಬಾಳಿಯೂ ಎರಡು ಖಂಡಗಳಲ್ಲಿ ಪ್ರಖ್ಯಾತನಾದ ಒಬ್ಬ ಪಿಯಾನೋ ವಾದಕನ ವೃತ್ತಾಂತವನ್ನು ಆರಿಸಿಕೊಂಡಿದ್ದೇವೆ. ಜನರು ಅವನನ್ನು ಕುರುಡ ಟಾಮ್ ಎಂದೇ ಕರೆಯುತ್ತಿದ್ದರು. ಅವನ ಕಣ್ಣಿನ ಸಂಗತಿಗಿಂತಲೂ ಕಿವಿಯ ಸಂಗತಿಯೇ ಹೆಚ್ಚು ವಿಚಾರಕ್ಕೆ ಯೋಗ್ಯವಾದದ್ದು. ಅದಕ್ಕಾಗಿಯೇ ಈ ಆಯ್ಕೆ.

ಥಾಮಸನು 1849ನೆಯ ಇಸವಿ ಮೇ 25ರಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ಪ್ರಾಂತದಲ್ಲಿ ಜನಿಸಿದನು. ತಂದೆಯ ಹೆಸರು ಡೊಮಿಂಗೊ ವಿಗಿನ್ಸ್, ತಾಯಿಯ ಹೆಸರು ಚಾರಿಟಿ. ಇಬ್ಬರೂ ವೈಲಿ ಜೋನ್ಸ್ ಎಂಬ ಜಮೀನುದಾರನ ಗುಲಾಮರು. ಆ ದೇಶದಲ್ಲಿ ಆಗ ಗುಲಾಮರ ಮಕ್ಕಳು ಹುಟ್ಟಿದ ಗಳಿಗೆಯಿಂದಲೇ ಒಡೆಯನ ಆಸ್ತಿ. ದನಕರುಗಳೊಡನೆ ಅವರ ಹೆಸರುಗಳನ್ನೂ ಬೆಲೆಯೊಡನೆ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಕಣ್ಣು ಕಾಣದ ಕೂಸಿಗೆ ಬೆಲೆಯಾದರೂ ಎಲ್ಲಿಯದು? 1850ರಲ್ಲಿ ಜೋನ್ಸನು ಈ ಕುಟುಂಬವನ್ನು ಮಾರಲು ಹೊರಟಾಗ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಬೇಕಾದೀತೆಂದು ಹೆದರಿದ ಚಾರಿಟಿಯು ಕೊಲಂಬಸ್ ಪಟ್ಟಣದ ವಕೀಲನೂ ಪತ್ರಿಕಾ ಸಂಪಾದಕನೂ ಆಗಿದ್ದ ಜೇಮ್ಸ್ ಬೆಥೂನ್ ಎಂಬವನಲ್ಲಿ ತಮ್ಮೆಲ್ಲರನ್ನೂ ಒಟ್ಟಾಗಿ ಕೊಂಡುಕೊಳ್ಳಬೇಕೆಂದು ಮೊರೆಯಿಟ್ಟಳೆಂದು ಹೇಳುತ್ತಾರೆ. ಬೆಥೂನನು ಒಪ್ಪಿದನು. ಕುರುಡು ಮಗುವನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ, ಪುಕ್ಕಟೆಯಾಗಿ ಜೊತೆಗೆ ಕೊಟ್ಟುಬಿಟ್ಟರೆಂದು ಪ್ರಸಿದ್ಧಿಯುಂಟು. ಮುಂದೆ ಆ ಮನೆತನಕ್ಕೆ ಅಪಾರ ದ್ರವ್ಯವನ್ನು ಗಳಿಸಿಕೊಟ್ಟವನು ಆ ಪುಕ್ಕಟೆಯ ಮಗುವೇ.

ಶಿಶುವು ಬೆಳೆದಂತೆ ಅದರ ನಡತೆಯು ಉಳಿದ ಮಕ್ಕಳಂತಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ, ತನಗೆ ಬೇಕಾದದ್ದನ್ನು ಮಾತಿನಿಂದ ಕೇಳುತ್ತಿರಲಿಲ್ಲ, ಆದರೆ ಇತರರು ಆಡಿದ ಮಾತನ್ನು ಅದೇ ಧ್ವನಿಯಲ್ಲಿ, ಅದೇ ಏರಿಳಿತದಲ್ಲಿ ಹಿಂದಿರುಗಿಸಿ ನುಡಿಯುತ್ತಿತ್ತು. ಹುಂಜದ ಕೂಗು, ಹಕ್ಕಿಗಳ ಉಲಿ, ಧಾನ್ಯ ಬೀಸುವ ಯಂತ್ರದ ಸಪ್ಪಳ, ಇವೆಲ್ಲವೂ ಟಾಮನಿಗೆ ಅನ್ನಪಾನಗಳಿಗಿಂತ ಹೆಚ್ಚಾಗಿದ್ದವು. ಕೋಳಿಯ ದನಿಯನ್ನು ಹಿಂಬಾಲಿಸಿ ಅವನು ಎಲ್ಲಿಗೋ ಹೊರಟುಹೋಗುತ್ತಿದ್ದುದರಿಂದ ಅವನ ಮೇಲೆ ಒಂದು ಕಣ್ಣು ಇಟ್ಟೇ ಇರಬೇಕಾಗುತ್ತಿತ್ತು. ಮನೆಯೊಳಗೆ ಇದ್ದಾಗ ಕುರ್ಚಿಗಳನ್ನು ನೆಲದ ಮೇಲೆ ಎಳೆದಾಡಿ, ಪಾತ್ರೆಗಳನ್ನು ಬಡಿದು, ಆ ನಾದದಲ್ಲಿ ಮೈಮರೆಯುತ್ತಿದ್ದನು. ತನ್ನ ಒಡಹುಟ್ಟಿದವರನ್ನು ಚಿವುಟಿ ಅಳಿಸುತ್ತಿದ್ದನೆಂದೂ ಹೇಳಿಕೆಯಿದೆ. ಇದನ್ನು ದುಷ್ಟತನವೆಂದು ಎಣಿಸುವದು ಸುಲಭ. ಆದರೆ ಅಳುವಿನಲ್ಲಿಯ ನೋವು ಅವನಿಗೆ ತಿಳಿಯುತ್ತಿತ್ತೋ ಇಲ್ಲವೋ, ಅಳುವಿನಲ್ಲಿಯ ಸ್ವರವು ಮಾತ್ರ ಅವನನ್ನು ಎಳೆಯುತ್ತಿತ್ತೆಂಬದು ಆ ಕಾಲದವರು ಬರೆದಿಟ್ಟ ಸಂಗತಿಗಳಿಂದಲೇ ವ್ಯಕ್ತವಾಗುತ್ತದೆ. ಇಂಥ ಕೂಸನ್ನು ಹೊಲಗೆಲಸದ ನಡುವೆ ಸಾಕಿದ ಚಾರಿಟಿಯ ಪಾಡನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳನ್ನು ಹೆತ್ತ ನಮ್ಮ ವಾಚಕರು ತಾವೇ ಊಹಿಸಿಕೊಳ್ಳಬಲ್ಲರು.

ಬೆಥೂನನ ಹೆಣ್ಣುಮಕ್ಕಳು ಪಿಯಾನೋ ಕಲಿಯುತ್ತಿದ್ದರು. ಆ ವಾದ್ಯದ ನಾದ ಕಿವಿಗೆ ಬಿದ್ದೊಡನೆ ಟಾಮನು ಎಲ್ಲಿದ್ದರೂ ಅಲ್ಲಿಗೆ ಬಂದು ನಿಲ್ಲುತ್ತಿದ್ದನು. ನಾಲ್ಕು ವರ್ಷದವನಾಗಿದ್ದಾಗ ಒಂದು ರಾತ್ರಿ ಮನೆಯವರೆಲ್ಲ ನಿದ್ರಿಸುತ್ತಿರಲು ಪಿಯಾನೋ ನುಡಿಯುವದು ಕೇಳಿ ಎದ್ದು ಬಂದು ನೋಡಲಾಗಿ, ಆ ಮಗುವೇ ಕುಳಿತು, ಹಗಲಲ್ಲಿ ಆ ಹೆಣ್ಣುಮಕ್ಕಳು ಅಭ್ಯಾಸಮಾಡಿದ ಗತಿಗಳನ್ನು ನುಡಿಸುತ್ತಿತ್ತೆಂದು ಕಥೆಯಿದೆ. ಐದಾರು ವರ್ಷದವನಾದಾಗ ಒಂದು ದಿನ ತಗಡಿನ ಮಾಡಿನ ಮೇಲೆ ಜಡಿಮಳೆಯು ಬಡಿದದ್ದನ್ನು ಕೇಳಿ, ಮಳೆ ನಿಂತ ಮೇಲೆ ವಾದ್ಯದ ಮುಂದೆ ಕುಳಿತು ಆ ಮಳೆಯನ್ನೇ ಸ್ವರಗಳಲ್ಲಿ ಕಟ್ಟಿದನಂತೆ. ಮಳೆಬಿರುಗಾಳಿ ಎಂಬ ಹೆಸರಿನ ಆ ಕೃತಿಯು ಮುಂದೆ ಅಚ್ಚಾಯಿತು, ಇಂದಿಗೂ ದೊರೆಯುತ್ತದೆ.

ನಮ್ಮ ಕಾಯ್ಕಿಣಿ, ಮುರ್ಡೇಶ್ವರ, ಶಿರಾಲಿಗಳ ಕಡೆಯವರಿಗೆ ಮಳೆಯ ಸಪ್ಪಳದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಜ್ಯೇಷ್ಠದಲ್ಲಿ ಹಿಡಿದ ಮಳೆಯು ಹಂಚಿನ ಮೇಲೆ ಒಂದು ಬಗೆಯಾಗಿಯೂ, ತೆಂಗಿನ ಗರಿಗಳ ಮೇಲೆ ಬೇರೊಂದು ಬಗೆಯಾಗಿಯೂ, ಅಂಗಳದ ಕೆಸರಿನಲ್ಲಿ ಮತ್ತೊಂದು ಬಗೆಯಾಗಿಯೂ ಬೀಳುವದು. ಅದರ ಹಿಂದೆ ಕಡಲಿನ ಮೊರೆತ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರಖಾನೆಯನ್ನು ತೆರೆದ 1865ನೆಯ ಇಸವಿಯು ಟಾಮನ ಜೀವನದಲ್ಲಿಯೂ ಒಂದು ಮುಖ್ಯ ವರ್ಷವಾಗಿತ್ತು. ಅದನ್ನು ಮುಂದೆ ಹೇಳುವೆವು. ನಾವಾದರೋ ಈ ಸಪ್ಪಳಗಳನ್ನೆಲ್ಲ ಒಟ್ಟಿಗೆ ಸೇರಿಸಿ ಮಳೆಯೆಂದು ಕರೆದು, ಹೊದ್ದುಕೊಂಡು ಮಲಗಿಬಿಡುತ್ತೇವೆ. ಹಾಗೆ ಸೇರಿಸಿ ಮರೆಯುವ ಶಕ್ತಿಯೇ ನಮ್ಮ ನೆಮ್ಮದಿಗೆ ಕಾರಣ. ಕೆಲವರಲ್ಲಿ ಆ ಶಕ್ತಿಯು ಬೇರೆ ವಿಧವಾಗಿರುವದು. ಅವರಿಗೆ ಒಂದೊಂದು ಹನಿಯೂ ಬೇರೆಬೇರೆಯಾಗಿಯೇ ಕೇಳಿಸುತ್ತಿರಬಹುದು.

ಟಾಮನು ಬದುಕಿದ್ದ ಕಾಲದಲ್ಲಿ ಈ ಸ್ಥಿತಿಗೆ ಹೆಸರಿರಲಿಲ್ಲ. 1925ರಲ್ಲಿ ರಷ್ಯದ ವೈದ್ಯೆ ಗ್ರುನ್ಯಾ ಸುಖರೇವಾ ಎಂಬಾಕೆಯು ಆರು ಮಂದಿ ಹುಡುಗರ ವಿಷಯವಾಗಿ ಬರೆಯುತ್ತ, ಸದ್ದು ವಾಸನೆಗಳ ವಿಷಯದಲ್ಲಿ ಅವರಿಗಿದ್ದ ಅತಿಸೂಕ್ಷ್ಮತೆಯನ್ನು ಗುರುತಿಸಿದಳು. 1943ರಲ್ಲಿ ಅಮೇರಿಕದ ವೈದ್ಯ ಲಿಯೋ ಕ್ಯಾನರನು ಹನ್ನೊಂದು ಮಕ್ಕಳನ್ನು ವರ್ಣಿಸಿ ಆಟಿಸಂ ಎಂಬ ಹೆಸರನ್ನು ರೂಢಿಗೆ ತಂದನು. ನಾವು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ. ಆ ಮಕ್ಕಳಲ್ಲಿ ಕೆಲವರು ನಲ್ಲಿಯ ನೀರಿನ ಸದ್ದಿಗೂ, ಮೊಟ್ಟೆ ಕಡೆಯುವ ಸಾಧನದ ಸದ್ದಿಗೂ, ಗಾಳಿಗೂ ನಡುಗುತ್ತಿದ್ದರು. ಆದರೂ ವೈದ್ಯಲೋಕವು ಬಹುಕಾಲ ಇದನ್ನು ಹೊರಗಿನ ವಿಷಯವೆಂದೇ ಎಣಿಸಿತು. ಸದ್ದು, ಬೆಳಕು, ಸ್ಪರ್ಶ, ರುಚಿಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಸ್ಪಂದಿಸುವದನ್ನು ಸ್ವಲೀನತೆಯ ಲಕ್ಷಣಗಳಲ್ಲಿಯೇ ಸೇರಿಸಿ ಅಮೇರಿಕದ ಮನೋವೈದ್ಯರ ಸಂಘದವರು ತಮ್ಮ ಗ್ರಂಥದಲ್ಲಿ ಅಚ್ಚುಹಾಕಿದ್ದು 2013ರಲ್ಲಿ. ಸ್ವರದ ಎತ್ತರವನ್ನು ಬೇರಾವ ಆಧಾರವೂ ಇಲ್ಲದೆ ಥಟ್ಟನೆ ಹೆಸರಿಸುವ ಶಕ್ತಿಯು ಸ್ವಲೀನರಲ್ಲಿ ಸಾಮಾನ್ಯ ಜನರಲ್ಲಿರುವದಕ್ಕಿಂತ ಹೆಚ್ಚಾಗಿ ಕಂಡುಬರುವದೆಂದೂ ಶೋಧಕರು ಹೇಳುತ್ತಾರೆ. ಪಿಯಾನೋವಿನ ಹಲವು ಪಟ್ಟಿಗಳನ್ನು ಯಾರಾದರೂ ಮನಬಂದಂತೆ ಒಮ್ಮೆಲೇ ಒತ್ತಿದರೆ, ಟಾಮನು ಅವುಗಳೊಳಗಿನ ಒಂದೊಂದು ಸ್ವರವನ್ನೂ ಬಿಡಿಸಿ ಹೇಳುತ್ತಿದ್ದನು. ಇವನ್ನೆಲ್ಲ ನೋಡಿ ಈಗಿನ ಹಲವು ವೈದ್ಯರೂ ಚರಿತ್ರಕಾರರೂ ಅವನು ಸ್ವಲೀನನಾಗಿದ್ದಿರಬೇಕೆಂದು ಅಭಿಪ್ರಾಯಪಡುತ್ತಾರೆ. ಸತ್ತವನನ್ನು ಪರೀಕ್ಷಿಸುವಂತಿಲ್ಲ, ಕುರುಡುತನವೊಂದೇ ಕಿವಿಯನ್ನು ಚುರುಕುಗೊಳಿಸಬಹುದೆಂಬದೂ ನಿಜವೇ. ಆದರೆ ಮಾತಿನ ರೀತಿ, ಒಂಟಿಯಾಗಿರುವಿಕೆ, ತನ್ನನ್ನು ತಾನೇ ಮೂರನೆಯವನಂತೆ ಹೆಸರು ಹಿಡಿದು ಕರೆದುಕೊಳ್ಳುವಿಕೆ ಇವು ಕುರುಡುತನವೊಂದರಿಂದಲೇ ಬಂದವೆಂದು ನಿಶ್ಚಯವಾಗಿ ಹೇಳಲಾಗದು.

ಇಲ್ಲಿ ಹೆತ್ತವರಿಗೆ ಒಂದು ಮಾತು. ಶಾಲೆಯ ಗಂಟೆ ಬಾರಿಸುತ್ತಲೇ ಎರಡು ಕಿವಿಗಳನ್ನೂ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುವ ಬಾಲಿಕೆಯರನ್ನು ನಾವು ಕಂಡಿದ್ದೇವೆ. ಹೊಸ ಲಂಗದ ಹೊಲಿಗೆಯು ಮೈಗೆ ತಾಕುತ್ತದೆಂದು ಬೆಳಗೆಲ್ಲ ಅತ್ತವರನ್ನೂ, ರಥೋತ್ಸವದ ವಾದ್ಯಕ್ಕೂ ಯಕ್ಷಗಾನದ ಚೆಂಡೆಗೂ ಬೆವರಿ ಓಡುವವರನ್ನೂ ಕಂಡಿದ್ದೇವೆ. ಹಟವೆಂದೂ ಮುದ್ದು ಹೆಚ್ಚಾಯಿತೆಂದೂ ಪೆಟ್ಟು ಕೊಟ್ಟು ಕಳಿಸಿದ ತಾಯಂದಿರೂ ಇದ್ದಾರೆ. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಮಗುವನ್ನು ಒಳಮನೆಯಲ್ಲಿ ಮರೆಮಾಡಿದವರೂ ಇದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇಂಥ ಮಕ್ಕಳನ್ನು ಪರೀಕ್ಷಿಸುವ ಏರ್ಪಾಡುಂಟು. 2016ರ ಕಾಯಿದೆಯು ಅಂಗವೈಕಲ್ಯವೆಂದು ಒಪ್ಪಿಕೊಂಡ 21 ಸ್ಥಿತಿಗಳಲ್ಲಿ ಸ್ವಲೀನತೆಯೂ ಒಂದು. ಸದ್ದು ಮಗುವಿಗೆ ನಿಜವಾಗಿಯೂ ನೋವುಂಟುಮಾಡುತ್ತಿರಬಹುದು, ಬೆತ್ತವು ಆ ನೋವಿನ ಮೇಲೆ ಇನ್ನೊಂದು ನೋವಷ್ಟೆ, ಎಂಬದನ್ನು ತಿಳಿದ ಮೇಲೆ ಗಂಟೆಯಿಂದ ದೂರದ ಕೋಣೆಯಲ್ಲಿ ಒಂದು ಸ್ಥಳ ಕೊಡುವದು ಶಾಲೆಗೆ ಕಷ್ಟದ ಕೆಲಸವಲ್ಲ.

ಇನ್ನು ಕಥೆಗೆ ಬರೋಣ. 1857ರಲ್ಲಿ, ಟಾಮನಿಗೆ ಎಂಟು ವರ್ಷ ತುಂಬಿದಾಗ, ಬೆಥೂನನು ಕೊಲಂಬಸ್ ಪಟ್ಟಣದಲ್ಲಿ ಅವನ ಮೊದಲ ಕಚೇರಿಯನ್ನು ಏರ್ಪಡಿಸಿದನು. ಜನರು ಬೆರಗಾದರು, ಬೆಥೂನನು ಹಣದ ದಾರಿಯನ್ನು ಕಂಡನು. ಮರುವರ್ಷ ಪೆರಿ ಆಲಿವರ್ ಎಂಬ ಪ್ರದರ್ಶನ ವ್ಯಾಪಾರಿಗೆ ಹುಡುಗನನ್ನು ಬಾಡಿಗೆಗೆ ಕೊಡಲಾಯಿತು. ಒಂಬತ್ತು ವರ್ಷದ ಮಗು ತಾಯಿಯ ಮಡಿಲನ್ನು ಬಿಟ್ಟು ಊರೂರು ಅಲೆಯತೊಡಗಿತು. ಕೆಲವು ದಿನ ನಾಲ್ಕು ನಾಲ್ಕು ಪ್ರದರ್ಶನಗಳಾಗುತ್ತಿದ್ದವು. ಜಾಹೀರಾತುಗಳಲ್ಲಿ ಅವನನ್ನು ಮನುಷ್ಯನೆಂದು ಹೇಳುವದಕ್ಕಿಂತ ಕರಡಿಗೋ ಕೋತಿಗೋ ಹೋಲಿಸಿ ವರ್ಣಿಸುವದೇ ಹೆಚ್ಚಾಗಿತ್ತು. ಬಲಗೈಯಲ್ಲಿ ಒಂದು ರಾಗ, ಎಡಗೈಯಲ್ಲಿ ಬೇರೊಂದು ರಾಗ, ಬಾಯಲ್ಲಿ ಮೂರನೆಯದನ್ನು ಹಾಡುವದು; ವಾದ್ಯಕ್ಕೆ ಬೆನ್ನು ಹಾಕಿ ಕೈಗಳನ್ನು ಹಿಂದಕ್ಕೆ ಚಾಚಿ ನುಡಿಸುವದು; ಸಭೆಯಿಂದ ಯಾರಾದರೂ ಬಂದು ಅವನು ಎಂದೂ ಕೇಳದ ಗತಿಯನ್ನು ನುಡಿಸಿದರೆ ಅದನ್ನು ಒಡನೆ ಹಾಗೆಯೇ ಮರಳಿ ನುಡಿಸುವದು, ಇವು ಪ್ರತಿದಿನದ ಕಾರ್ಯಕ್ರಮದಲ್ಲಿದ್ದವು. ನುಡಿಸಿ ಮುಗಿಸಿದ ಮೇಲೆ ಸಭಿಕರೊಡನೆ ತಾನೂ ಚಪ್ಪಾಳೆ ತಟ್ಟುತ್ತಿದ್ದನು. ಜನರು ಇದನ್ನು ಕಂಡು ನಗುತ್ತಿದ್ದರು. ನಮಗಾದರೋ ಇದರಲ್ಲಿ ನಗತಕ್ಕದ್ದೇನೂ ಕಾಣುವದಿಲ್ಲ. ಚೆನ್ನಾಗಿ ನುಡಿದ ಮೇಲೆ ಕೇಳಿಬರುವ ಸದ್ದು ಅದು. ಅವನು ಅದನ್ನೂ ನುಡಿಸಿದನಷ್ಟೆ.

1860ರಲ್ಲಿ ವಾಶಿಂಗ್ಟನ್ನಿನ ಶ್ವೇತಭವನದಲ್ಲಿ ಅಧ್ಯಕ್ಷ ಜೇಮ್ಸ್ ಬ್ಯುಕಾನನನ ಮುಂದೆ ಟಾಮನ ವಾದನವಾಯಿತು. ಇದರಲ್ಲಿ ಏನೋ ಮೋಸವಿರಬೇಕೆಂದು ಸಂಶಯಪಟ್ಟ ಕೆಲವು ಸಂಗೀತಗಾರರು ಮರುದಿನ ಅವನು ಇಳಿದಿದ್ದ ಹೋಟೆಲಿಗೆ ಹೋಗಿ, ಎಲ್ಲಿಯೂ ಪ್ರಕಟವಾಗದ ಎರಡು ಕೃತಿಗಳನ್ನು ನುಡಿಸಿ ಪರೀಕ್ಷಿಸಿದರು. ಒಂದು 13 ಪುಟದ್ದು, ಇನ್ನೊಂದು 20 ಪುಟದ್ದು. ಎರಡನ್ನೂ ಅವನು ಒಪ್ಪಿಸಿದನು. ಅವನ ನೆನಪು ಸಂಗೀತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಸ್ಟೀಫನ್ ಡಗ್ಲಸ್ ಎಂಬ ಅಭ್ಯರ್ಥಿಯು ಮಾಡಿದ ಭಾಷಣವನ್ನು, ನಡುನಡುವೆ ಜನರು ಹಾಕಿದ ಕೂಗುಗಳ ಸಹಿತ, ಅವನು ಎಷ್ಟೋ ವರ್ಷಗಳ ಮೇಲೂ ಅದೇ ಕಂಠದಲ್ಲಿ ನುಡಿಯುತ್ತಿದ್ದನು. ಭಾಷಣದ ಅರ್ಥ ಅವನಿಗೆ ಎಷ್ಟು ತಿಳಿದಿತ್ತೋ ದೇವರೇ ಬಲ್ಲನು. ಅರ್ಥವನ್ನು ಹಿಡಿದು ಸದ್ದನ್ನು ಮರೆಯುವವರು ನಾವು. ಅವನು ಸದ್ದನ್ನು ಹಿಡಿದುಕೊಂಡನು.

1861ರಲ್ಲಿ ಗುಲಾಮಗಿರಿಯ ಕಾರಣದಿಂದಲೇ ಉತ್ತರ ದಕ್ಷಿಣ ಪ್ರಾಂತಗಳೊಳಗೆ ಯುದ್ಧ ಹತ್ತಿತು. ಬೆಥೂನನು ದಕ್ಷಿಣದ ಪಕ್ಷದವನು. ಆ ವರ್ಷದ ಜುಲೈ ತಿಂಗಳಲ್ಲಿ ನಡೆದ ಮನಾಸಸ್ ಕಾಳಗದ ವರ್ಣನೆಯನ್ನು ಕೇಳಿ, ಹದಿಹರೆಯಕ್ಕೂ ಬಾರದ ಟಾಮನು ಕೊಳಲು, ನಗಾರಿ, ಸೈನಿಕರ ನಡಿಗೆ, ತೋಪಿನ ಗುಡುಗು, ರೈಲಿನ ಆಗಮನ ಇವನ್ನೆಲ್ಲ ಪಿಯಾನೋವಿನಲ್ಲಿ ಕೇಳಿಸುವ ಕೃತಿಯೊಂದನ್ನು ರಚಿಸಿದನು. ತೋಪಿನ ಹೊಡೆತಕ್ಕೆ ಕೆಳಗಿನ ಸ್ವರಗಳನ್ನು ಅಂಗೈಯಿಂದ ಗುಂಪುಗುಂಪಾಗಿ ಒತ್ತುತ್ತಿದ್ದನು. ಹಾಗೆ ಬರೆಯುವ ಪದ್ಧತಿಯು ಪಾಶ್ಚಾತ್ಯ ಸಂಗೀತದಲ್ಲಿ ಬಳಕೆಗೆ ಬಂದದ್ದು ಎಷ್ಟೋ ಕಾಲದ ಮೇಲೆ. ತನ್ನ ಜನರನ್ನು ಸಂಕೋಲೆಯಲ್ಲಿಡಲು ಹೋರಾಡುತ್ತಿದ್ದ ಸೈನ್ಯದ ಸಹಾಯಾರ್ಥವಾಗಿ ಆ ಗುಲಾಮ ಬಾಲಕನ ಕಚೇರಿಗಳು ನಡೆದವು. ಇದಕ್ಕಿಂತ ಕಠೋರವಾದ ಸಂಗತಿಯನ್ನು ನಾವು ಯಾವ ಸಂಗೀತಗಾರನ ಚರಿತ್ರೆಯಲ್ಲಿಯೂ ಓದಿಲ್ಲ.

1865ರಲ್ಲಿ ಯುದ್ಧವು ಮುಗಿದು ಗುಲಾಮರೆಲ್ಲರೂ ಸ್ವತಂತ್ರರಾದರು. ಟಾಮನು ಆಗಲಿಲ್ಲ. ಬೆಥೂನನು ಅವನ ತಾಯಿತಂದೆಗಳಿಂದ ಕರಾರುಪತ್ರ ಬರೆಯಿಸಿಕೊಂಡು ಹುಡುಗನನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡನು. ಅದೇ ವರ್ಷ ಟ್ಯಾಬ್ಸ್ ಗ್ರೋಸ್ ಎಂಬ ಕರಿಯ ಪ್ರದರ್ಶಕನು ಸಿನ್ಸಿನಾಟಿಯ ನ್ಯಾಯಾಲಯದಲ್ಲಿ ಅವನಿಗಾಗಿ ವ್ಯಾಜ್ಯ ಹೂಡಿದನಾದರೂ ತೀರ್ಪು ಬೆಥೂನನ ಕಡೆಗಾಯಿತು. ಮರುವರ್ಷ ಟಾಮನನ್ನು ಯೂರೋಪಿಗೆ ಕರೆದೊಯ್ಯಲಾಯಿತು. ಬೀಥೋವನನನ್ನು ಕಣ್ಣಾರೆ ಕಂಡಿದ್ದ, ಮೆಂಡೆಲ್ಸೊನನ ಗುರುವಾಗಿದ್ದ ವೃದ್ಧ ಮೊಶೆಲೆಸನೂ, ಮ್ಯಾಂಚೆಸ್ಟರಿನ ಚಾರ್ಲ್ಸ್ ಹ್ಯಾಲೆಯೂ ಅವನನ್ನು ಪರೀಕ್ಷಿಸಿ ಮೆಚ್ಚುಗೆಯ ಪತ್ರಗಳನ್ನು ಕೊಟ್ಟರು. ಆ ಪತ್ರಗಳೂ ಜಾಹೀರಾತಿಗೆ ಒದಗಿದವು.

ಅದೇ 1866ರಲ್ಲಿ ಫ್ರೆಂಚ್ ವೈದ್ಯ ಎಡ್ವರ್ಡ್ ಸೆಗಾನನು ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣದ ಕುರಿತು ಬರೆದ ಗ್ರಂಥದಲ್ಲಿ ಟಾಮನನ್ನು ವರ್ಣಿಸಿದನು. ಅಧ್ಯಾಪಿಕೆಯರ ತರಬೇತಿ ಪಡೆದ ನಮ್ಮ ಪೂರ್ವವಿದ್ಯಾರ್ಥಿನಿಯರು ಈ ಹೆಸರನ್ನು ಬಲ್ಲರು. ಕೈಯಿಂದ, ಕಣ್ಣಿನಿಂದ, ಕಿವಿಯಿಂದ ಬುದ್ಧಿಯ ಬಾಗಿಲನ್ನು ತೆರೆಯಬೇಕೆಂದು ಸೆಗಾನನು ತೋರಿಸಿದ ಸಾಧನಗಳಿಂದಲೇ ಮರಿಯಾ ಮೊಂಟೆಸ್ಸೋರಿಯು ತನ್ನ ಪದ್ಧತಿಯನ್ನು ಬೆಳೆಯಿಸಿದಳು. ಆಕೆ 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಅಧ್ಯಾಪಿಕೆಯರಿಗೂ ಕಲಿಸಿದಳು. ಕಿವಿಯ ಬಾಗಿಲು ಅಷ್ಟು ಅಗಲವಾಗಿ ತೆರೆದಿದ್ದ ಟಾಮನಿಗೆ ಸೆಗಾನನ ವಿದ್ಯಾಲಯದಂಥ ಒಂದು ಸ್ಥಳ ದೊರೆತಿದ್ದರೆ ಏನಾಗುತ್ತಿತ್ತು ಎಂಬದು ನಮ್ಮ ಮನಸ್ಸಿನಲ್ಲಿ ಬಹಳ ದಿನಗಳಿಂದ ಇರುವ ಪ್ರಶ್ನೆ. ಅವನಿಗೆ ಹೊಸ ಗತಿಗಳನ್ನು ನುಡಿಸಿ ಕೇಳಿಸಲು ಶಿಕ್ಷಕರನ್ನು ಇಟ್ಟಿದ್ದುಂಟು. ಉಣ್ಣುವದನ್ನೂ ಉಡುವದನ್ನೂ ನಾಲ್ವರೊಡನೆ ಬಾಳುವದನ್ನೂ ಕಲಿಸುವದಕ್ಕೆ ಯಾರೂ ಅಷ್ಟು ವೆಚ್ಚಮಾಡಿದಂತೆ ಕಾಣುವದಿಲ್ಲ; ಅದರಿಂದ ಟಿಕೇಟು ಮಾರಾಟವಾಗುತ್ತಿರಲಿಲ್ಲ.

ನಮ್ಮ ಗದಗಿನ ಸಂಗತಿಯನ್ನು ಇಲ್ಲಿ ನೆನೆಯದೆ ಇರಲಾಗದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೂ ಅವನ ಅಣ್ಣನೂ ಹುಟ್ಟುಕುರುಡರು. ಅವರ ಕಂಠವನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಕರೆದೊಯ್ದು ವಿದ್ಯೆ ಹೇಳಿಸಿದರು. ಆ ಗದಿಗೆಯ್ಯನೇ ಪಂಚಾಕ್ಷರ ಗವಾಯಿಗಳಾಗಿ, ತಮ್ಮಂತೆಯೇ ಕಣ್ಣಿಲ್ಲದ ಮತ್ತು ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅನ್ನ ವಿದ್ಯೆಗಳನ್ನು ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಯಿಸಿದರು. ಅಲ್ಲಿ ಮಗುವಿನ ಕಿವಿಯು ಮಗುವಿನದಾಗಿಯೇ ಉಳಿಯಿತು. ಟಾಮನ ಕಿವಿಗೆ ಒಡೆಯರಿದ್ದರು.

1870ರಲ್ಲಿ ವರ್ಜೀನಿಯಾ ಪ್ರಾಂತದ ನ್ಯಾಯಾಲಯವು ಅವನು ಬುದ್ಧಿಸ್ವಾಧೀನವಿಲ್ಲದವನೆಂದು ಸಾರಿ, ಬೆಥೂನನ ಮಗನಾದ ಜಾನನನ್ನು ಪಾಲಕನನ್ನಾಗಿ ನೇಮಿಸಿತು. ಮುಂದೆ ಹದಿನಾಲ್ಕು ವರ್ಷ ಜಾನನೊಡನೆ ಅವನು ದೇಶದ ಉದ್ದಗಲಕ್ಕೂ ಸಂಚರಿಸಿದನು. 1884ರಲ್ಲಿ ಜಾನನು ರೈಲು ಅಪಘಾತದಲ್ಲಿ ಸತ್ತಮೇಲೆ, ಅವನಿಂದ ದೂರವಾಗಿದ್ದ ಹೆಂಡತಿ ಎಲೈಜಾ ಎಂಬವಳಿಗೂ ವೃದ್ಧ ಬೆಥೂನನಿಗೂ ಟಾಮನು ಯಾರಿಗೆ ಸೇರತಕ್ಕವನೆಂದು ಮೊಕದ್ದಮೆ ನಡೆಯಿತು. ಎಲೈಜಾ ಜಾರ್ಜಿಯಾದಿಂದ ಮುದುಕಿ ಚಾರಿಟಿಯನ್ನು ಕರೆಯಿಸಿ, ತಾಯಿಯ ಹೆಸರಿನಲ್ಲಿ ನ್ಯಾಯ ಕೇಳಿದಳು. 1887ರಲ್ಲಿ ತೀರ್ಪು ಅವರ ಪಕ್ಷಕ್ಕಾಯಿತು. ಪತ್ರಿಕೆಗಳು ಕೊನೆಯ ಗುಲಾಮನಿಗೆ ಬಿಡುಗಡೆಯಾಯಿತೆಂದು ಬರೆದವು. ಆದರೆ ಟಾಮನು ಹೋದದ್ದು ಎಲೈಜಾಳ ಮನೆಗೆ. ಚಾರಿಟಿಯು ಕೆಲಕಾಲ ನ್ಯೂಯಾರ್ಕಿನಲ್ಲಿದ್ದು ಬರಿಗೈಯಲ್ಲಿ ಊರಿಗೆ ಮರಳಿದಳು. ತನ್ನಿಂದ ಕಾಗದಕ್ಕೆ ಗುರುತು ಹಾಕಿಸಿಕೊಂಡು ಮಗನನ್ನು ಕಸಿದುಕೊಂಡರೆಂದು ಆಕೆ ಆಮೇಲೆ ಹೇಳಿಕೊಂಡಳು. ಓದು ಬಾರದ ಹೆಂಗಸಿನ ಮುಂದೆ ಕಾಗದವನ್ನು ಹಿಡಿದರೆ ಏನಾಗುವದೆಂಬದು ನಮ್ಮ ಜಿಲ್ಲೆಯ ಅಜ್ಜಿಯಂದಿರಿಗೂ ತಿಳಿಯದ ವಿಷಯವಲ್ಲ.

ಈ ಜಗಳಗಳ ನಡುವೆಯೂ ಅವನು ಕೇಳುವದನ್ನು ನಿಲ್ಲಿಸಲಿಲ್ಲ. ಈ ಕಾಲದಲ್ಲಿ ಹೊಲಿಗೆಯ ಯಂತ್ರದ ಸದ್ದನ್ನು ಅನುಕರಿಸಿ ಅವನು ರಚಿಸಿದ ಕೃತಿಯೊಂದು ಅಚ್ಚಾಗಿದೆ. ನಮ್ಮ ಶಾಲೆಯ ಹೊಲಿಗೆಯ ಕೋಣೆಯಲ್ಲಿ ಕುಳಿತು ಕೈಯಿಂದ ಚಕ್ರ ತಿರುಗಿಸಿದ ಹಳೆಯ ವಿದ್ಯಾರ್ಥಿನಿಯರು ಅದನ್ನು ಕೇಳಿದರೆ, ಸೂಜಿ ಎಲ್ಲಿ ಓಡಿತು, ಎಲ್ಲಿ ತಡೆದು ನಿಂತಿತು ಎಂಬದನ್ನು ಗುರುತಿಸಬಲ್ಲರೆಂದು ನಮಗೆ ತೋರುತ್ತದೆ.

1904ರ ಸುಮಾರಿಗೆ ಅವನು ಕೊನೆಯದಾಗಿ ರಂಗವನ್ನೇರಿದನು. ಆಮೇಲೆ ನ್ಯೂಜೆರ್ಸಿಯ ಹೊಬೊಕೆನ್ ಪಟ್ಟಣದಲ್ಲಿ ಎಲೈಜಾಳ ಮನೆಯಲ್ಲಿ ಇದ್ದನು. ಟಿಕೇಟಿಲ್ಲ, ಸಭಿಕರಿಲ್ಲ. ಆದರೂ ಅವನು ಪಿಯಾನೋವಿನ ಮುಂದೆ ಗಂಟೆಗಟ್ಟಲೆ ಕುಳಿತಿರುವದನ್ನು ನೆರೆಹೊರೆಯವರು ಗೋಡೆಯಾಚೆಯಿಂದ ಕೇಳುತ್ತಿದ್ದರು. 1908ನೆಯ ಇಸವಿ ಜೂನ್ 13ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡನು. ವಯಸ್ಸು 59. ಬ್ರೂಕ್ಲಿನ್ನಿನ ಎವರ್‌ಗ್ರೀನ್ಸ್ ಸ್ಮಶಾನದಲ್ಲಿ ಅವನನ್ನು ಹೂಳಿದರು. ಗೋರಿಯ ಮೇಲೆ ಹೆಸರಿನ ಕಲ್ಲನ್ನು ನಿಲ್ಲಿಸಿದ್ದು 2002ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಜಾನ್ ಡೇವಿಸ್ ಎಂಬ ಪಿಯಾನೋ ವಾದಕನು ಟಾಮನ ಕೃತಿಗಳನ್ನು ಮತ್ತೆ ನುಡಿಸಿ ಮುದ್ರಿಸಿದ್ದರಿಂದ, ಜಾರ್ಜಿಯಾದ ತಗಡಿನ ಮಾಡಿನ ಮೇಲೆ ಬಿದ್ದ ಆ ಮಳೆಯನ್ನು ಬೇಕಾದವರು ಈಗ ಮನೆಯಲ್ಲಿಯೇ ಕೇಳಬಹುದು.